ಮೇಯರ್ ತಪ್ಪು ಮಾಡಿದರೆ ತಡೆಯುವವರು ಯಾರು?

ಪ್ರಶ್ನೆ: ಒಬ್ಬರ ಕೈಯಲ್ಲೇ ಅಧಿಕಾರ ಇದ್ದರೆ ಕೆಲಸ ಬೇಗ ಆಗುತ್ತದೆ ಅಲ್ವಾ? ಮೇಯರ್‌ಗೆ ಪೂರ್ತಿ ಅಧಿಕಾರ ಕೊಟ್ಟುಬಿಡಬಾರದೇ?

ಉತ್ತರ: ಈ ಪ್ರಶ್ನೆ ಪದೇ ಪದೇ ಬರುತ್ತಿದೆ. 'ಪೂರ್ತಿ ಅಧಿಕಾರ' ಅಂದಾಗಲೆಲ್ಲ ನನಗೆ ಭಯವಾಗುತ್ತದೆ. ಯಾವ ಅಧಿಕಾರ ಅಂತ ಯಾರೂ ಹೇಳುವುದಿಲ್ಲ. ಅಧಿಕಾರಿಗಳನ್ನು ನೇಮಿಸುವುದೋ, ತೆಗೆಯುವುದೋ, ಬಜೆಟ್ ಬರೆಯುವುದೋ, ಕೌನ್ಸಿಲ್ ನಿರ್ಣಯ ತಡೆಯುವುದೋ? ಇವು ನಾಲ್ಕೂ ಬೇರೆ ಬೇರೆ. ಸುಮ್ನೆ ಮೂಟೆ ಕಟ್ಟಿ ಕೊಡುವಂಥವಲ್ಲ.

ನಾನು ಮೊದಲು ಲೆಕ್ಕ ಹಾಕುವುದು ಒಂದನ್ನೇ. ಮೇಯರ್ ತಪ್ಪು ಮಾಡಿದರೆ ತಡೆಯಲು ಎಷ್ಟು ಸದಸ್ಯರು ಬೇಕು? ಲಂಡನ್ ಮೇಯರ್ ಮೇಲೆ ಕಣ್ಣಿಡುವ ಚುನಾಯಿತ ಸಭೆ ಲಂಡನ್ ಅಸೆಂಬ್ಲಿ. ಅದರಲ್ಲಿ 25 ಸದಸ್ಯರಿದ್ದಾರೆ. ಮೇಯರ್ ಬಜೆಟ್ ತಿದ್ದಲು ಮೂರರಲ್ಲಿ ಎರಡು ಪಾಲು ಮತ ಬೇಕು. ಎಲ್ಲರೂ ಮತ ಹಾಕಿದ ದಿನ ಮೇಯರ್ ಪರ 9 ಜನ ಗಟ್ಟಿಯಾಗಿ ನಿಂತರೆ ಉಳಿದ 16 ಜನ ಏನೂ ಮಾಡಲಾಗದು. ಕೆನಡಾದ ಒಂಟಾರಿಯೊ ಪ್ರಾಂತ್ಯ 2022ರಲ್ಲಿ ಇನ್ನೂ ಮುಂದೆ ಹೋಯಿತು. ಟೊರಾಂಟೊ ಮತ್ತು ಒಟ್ಟಾವ ಮೇಯರ್‌ಗಳು ಪ್ರಾಂತ್ಯದ ಆದ್ಯತೆಯ ವಿಷಯಗಳಲ್ಲಿ ಕೌನ್ಸಿಲ್‌ನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಮತ ಇದ್ದರೆ ಬೈಲಾ, ಅಂದರೆ ನಗರದ ಕಾನೂನು, ಪಾಸು ಮಾಡಿಸಬಹುದು. ಅರ್ಧಕ್ಕಿಂತ ಎಷ್ಟೋ ಜಾಸ್ತಿ ಜನ ಬೇಡ ಅಂದರೂ ಕಾನೂನು ಆಗುತ್ತದೆ. ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಬೇಡ ಅಂದ ಆ ಸದಸ್ಯರನ್ನೂ ಆರಿಸಿದ್ದು ಜನರೇ.

ಹಾಗಂತ ಅಧಿಕಾರವೇ ಬೇಡ ಅನ್ನುವುದಿಲ್ಲ. 2003ರಲ್ಲಿ ಲಂಡನ್ ನಗರದ ಒಳಭಾಗಕ್ಕೆ ಬರುವ ವಾಹನಗಳಿಗೆ ಶುಲ್ಕ ಹಾಕಿತು. ಸಾರಿಗೆಯ ಹೊಣೆ ಮೇಯರ್ ಮೇಲೆ ಇದ್ದುದರಿಂದ ಬೈಗುಳ ತಿನ್ನುವವರು ಯಾರು ಅಂತ ಎಲ್ಲರಿಗೂ ಗೊತ್ತಿತ್ತು. ಅಂಥ ನಿರ್ಧಾರಕ್ಕೆ ಅಷ್ಟು ಸ್ಪಷ್ಟತೆ ಬೇಕೇ ಬೇಕು.

ಆದ್ದರಿಂದ ಇಲಾಖೆಗಳ ಮುಖ್ಯಸ್ಥರನ್ನು ಮೇಯರ್ ನೇಮಿಸಲಿ. ಲೆಕ್ಕ ತಪಾಸಣೆ ಮಾಡುವವರನ್ನು ಮಾತ್ರ ಅವರು ಮುಟ್ಟಬಾರದು. ಬಜೆಟ್ ತಿದ್ದಲು ಸಾಮಾನ್ಯ ಬಹುಮತ ಸಾಕು ಅಂತ ಬರೆಯಿರಿ. ಇದರಲ್ಲಿ ನಾನು ಅತಿ ಎಚ್ಚರದವನು ಅನ್ನಿಸಿದರೆ ಅನ್ನಿಸಲಿ. ಇನ್ನೊಂದು ವಿಷಯ. ಮೊದಲು ಪ್ರಯೋಗ ಮಾಡಿ. ಅಮೆರಿಕದ ಸ್ಯಾನ್ ಡಿಯಾಗೊ 2006ರಲ್ಲಿ ಐದು ವರ್ಷದ ಗಡುವು ಹಾಕಿಕೊಂಡೇ ಮೇಯರ್‌ಗೆ ಹೆಚ್ಚು ಅಧಿಕಾರ ಕೊಡುವ ಪದ್ಧತಿ ಶುರು ಮಾಡಿತು. 2010ರಲ್ಲಿ ಜನ ಮತ ಹಾಕಿದ ಮೇಲಷ್ಟೇ ಕಾಯಂ ಆಯಿತು.

ಪ್ರಶ್ನೆ: ಬಲಿಷ್ಠ ಮೇಯರ್ ಬಂದರೆ ಲಂಚ ನಿಲ್ಲುತ್ತದೆಯೇ?

ಉತ್ತರ: ಇಲ್ಲ. ಹಾಗೆ ಭರವಸೆ ಕೊಟ್ಟುಕೊಂಡು ತಿರುಗುವ ಸಲಹೆಗಾರರನ್ನು ಹತ್ತಿರ ಸೇರಿಸಬೇಡಿ.

ಪ್ರಶ್ನೆ: ಈಗಿನ ಮೇಯರ್ ತುಂಬಾ ಒಳ್ಳೆಯವರು. ಅವರಿಗಾದರೂ ಕೊಡಬಹುದಾ?

ಉತ್ತರ: ಅವರು ಹೋದ ಮೇಲೂ ಅಧಿಕಾರ ಕುರ್ಚಿಯಲ್ಲೇ ಉಳಿಯುತ್ತದೆ. ಅವರ ಒಳ್ಳೆಯತನ ನೋಡಿ ಕಾನೂನು ಬರೆಯಬೇಡಿ.

ಪ್ರಶ್ನೆ: ಒಮ್ಮೆ ಕೊಟ್ಟಿದ್ದನ್ನು ವಾಪಸ್ ತಗೋಬಹುದಾ?

ಉತ್ತರ: ಆಗುತ್ತದೆ, ಆದರೆ ವರ್ಷಗಳೇ ಹಿಡಿಯುತ್ತವೆ. ಇಂಗ್ಲೆಂಡಿನ ಬ್ರಿಸ್ಟಲ್ ಜನ 2012ರಲ್ಲಿ ನೇರವಾಗಿ ಆರಿಸುವ ಮೇಯರ್ ಬೇಕು ಅಂತ ಮತ ಹಾಕಿದರು. 2022ರಲ್ಲಿ ಅದೇ ಊರು ಬೇಡ ಅಂದಿತು. ಆ ಹುದ್ದೆ ಹೋಗಿದ್ದು 2024ರಲ್ಲಿ.