ಕಿನ್ನರಿ ಹಾಡಿಗೆ ನಾನೂ ಇಸವಿ ತುರುಕಿದ್ದೆ

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಹಾಡಿನ ಮೂಲಕ ಇತಿಹಾಸ ಹೇಗೆ ಕಲಿಸಲಿ ಅಂತ ಕೇಳಿದ್ದೀರಿ: ಶಿಕಾರಿಪುರ ಕಡೆಯ ಶಾಲೆ, ಏಳನೇ ಕ್ಲಾಸಿನ ಮಕ್ಕಳು, ಕಿನ್ನರಿ ಜೋಗಿಗಳ ಧಾಟಿಯಲ್ಲಿ ನಮ್ಮ ಮಲೆನಾಡನ್ನು ಆಳಿದ ಕೆಳದಿ ಅರಸರ ಹಾಡು, ಜೊತೆಗೆ ಡೊಳ್ಳು ಕುಣಿತ. ಕಿನ್ನರಿ ಸಿಗದಿದ್ದರೆ ಪಿಟೀಲು ನಡೆಯುತ್ತಾ ಅಂತ ಬೇರೆ ಕೇಳಿದ್ದೀರಿ. ಇದನ್ನೇ ಹದಿನೈದು ವರ್ಷದ ಹಿಂದೆ ಸಾಗರ ತಾಲ್ಲೂಕಿನ ಒಂದು ಶಾಲೆಯಲ್ಲಿ ನಾನು ಮಾಡಿದ್ದೆ. ಪಿಟೀಲು ಸಮೇತ.

ನಮ್ಮ ಕಡೆ ಕಿನ್ನರಿ ನುಡಿಸುವ ಒಬ್ಬ ಜೋಗಿ ಅಜ್ಜ ಇದ್ದರು. ಬಿದಿರಿನ ದಂಡಿಗೆ ಮೂರು ಸೋರೆಬುರುಡೆ ಕಟ್ಟಿದ ವಾದ್ಯ. ಪಿಟೀಲಿನ ಹಾಗೆ ಕಮಾನಿಲ್ಲ, ಬೆರಳಲ್ಲೇ ಮೀಟುವುದು. ಸುಗ್ಗಿ ಮುಗಿದ ಮೇಲೆ ಊರೂರು ತಿರುಗಿ ಅರ್ಜುನ ಜೋಗಿಯ ಕಥೆ ಹಾಡುತ್ತಿದ್ದರು. ಅಜ್ಜನನ್ನು ಶಾಲೆಗೆ ಕರೆಸಿದೆ. ಪಿಟೀಲು ನುಡಿಸುವ ನನ್ನ ಗೆಳೆಯನೊಬ್ಬ ಇದ್ದ, ಅವನನ್ನೂ ಕರೆದೆ. ಅಜ್ಜ ಹಾಡಲಿ, ಇವನು ಸ್ವರ ಬರೆದುಕೊಳ್ಳಲಿ, ನಾನು ಆ ಧಾಟಿಗೆ ಹೊಸ ಪದ ಕಟ್ಟುತ್ತೇನೆ. ಲೆಕ್ಕಾಚಾರ ಇಷ್ಟೇ.

ಪದ ಕಟ್ಟಿದೆ ಕೂಡ. 1499ರ ಚೌಡಪ್ಪನಾಯಕನಿಂದ ಶುರು. ಸದಾಶಿವನಾಯಕ, ವೆಂಕಟಪ್ಪನಾಯಕ, ಶಿವಪ್ಪನಾಯಕ, ಚೆನ್ನಮ್ಮ, ಕೊನೆಗೆ ವೀರಮ್ಮಾಜಿ, 1763ರಲ್ಲಿ ಹೈದರಾಲಿ ಬಿದನೂರು ಹಿಡಿದಿದ್ದು. ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ಹೋಗಿದ್ದನ್ನೂ ಸೇರಿಸಿದೆ. ಪ್ರಾಸ ಚೆನ್ನಾಗಿಯೇ ಬಂದಿತ್ತು. ವಾರ್ಷಿಕೋತ್ಸವದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ನನಗೊಂದು ಶಾಲು ಹೊದಿಸಿದರು.

ಮಾರ್ಚ್‌ನಲ್ಲಿ ಪರೀಕ್ಷೆ. ಕೊಠಡಿಯಲ್ಲಿ ನೊಣ ಗುಂಯ್‌ಗುಟ್ಟುವ ಹಾಗೆ ಸದ್ದು. ಏನಪ್ಪಾ ಅಂತ ನೋಡಿದರೆ ಮಕ್ಕಳು ಬಾಯಲ್ಲೇ ಹಾಡು ಗುನುಗುತ್ತಿದ್ದಾರೆ. ಶಿವಪ್ಪನಾಯಕನ ಹೆಸರು ಬರೆಯಬೇಕು ಅಂದರೆ ಚೌಡಪ್ಪನಿಂದ ಹಾಡಿಕೊಂಡೇ ಬರಬೇಕು, ನಡುವಿನಿಂದ ಶುರು ಮಾಡೋಕೆ ಬರಲ್ಲ! ಆಮೇಲೆ ಒಬ್ಬ ಹುಡುಗನನ್ನು ಕರೆದು ಕೇಳಿದೆ, "ಶಿವಪ್ಪನಾಯಕ ಏನು ಮಾಡಿದನೋ?" ಅವನು ಸ್ವಲ್ಪ ಹೊತ್ತು ಯೋಚಿಸಿ, "ಅದು ಹಾಡಲ್ಲಿ ಇಲ್ಲ ಸಾರ್" ಅಂದ.

ಇದನ್ನೇ ನನ್ನ ತಪ್ಪು ಅಂತ ತುಂಬಾ ದಿನ ತಿಳಿದಿದ್ದೆ. ಪದ ಸರಿ ಇರಲಿಲ್ಲ, ಇನ್ನೂ ಒಳ್ಳೆ ಪದ ಬರೆಯಬೇಕಿತ್ತು ಅಂತ. ಅದಲ್ಲ. ನಿಜವಾದ ತಪ್ಪು ಮೊದಲ ದಿನವೇ ಆಗಿಹೋಗಿತ್ತು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನೀವೂ ಇದನ್ನೇ ಮಾಡ್ತೀರಿ.

ಅಜ್ಜ ಕಥೆಗೆ ಬರುವ ಮೊದಲು ಹತ್ತು ನಿಮಿಷ ಬೇರೆ ಏನೋ ಹಾಡುತ್ತಿದ್ದರು. ದೇವರ ಹೆಸರು, ಗುರುವಿನ ಹೆಸರು, ಆಮೇಲೆ ಯಾವ ಊರು ದಾಟಿ ಯಾವ ಊರಿಗೆ ಬಂದೆ, ಯಾರ ಅಂಗಳದಲ್ಲಿ ಕೂತೆ, ಯಾವ ಮನೆಯವರು ಏನು ಕೊಟ್ಟರು, ಈಗ ನಿಂತಿರುವ ಮನೆಯವರಿಗೆ ಒಳ್ಳೇದಾಗಲಿ ಅಂತ. ಈ ಭಾಗಕ್ಕೆ ತಾಳವೂ ಸರಿಯಾಗಿ ಇರಲಿಲ್ಲ. ಒಂದು ಸಾಲು ಉದ್ದ, ಒಂದು ಗಿಡ್ಡ. ಊರಿನ ಹೆಸರು ಉದ್ದ ಇದ್ದರೆ ಸಾಲೂ ಉದ್ದ. ಗೆಳೆಯ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದ. ಇದು ಆದಿತಾಳಕ್ಕೆ ಕೂರಲ್ಲ ಮಾರಾಯ ಅಂದ. ನಾನು ಅಜ್ಜನಿಗೆ ಹೇಳಿದೆ, "ಅಜ್ಜಾ, ಪೀಠಿಕೆ ಬೇಡ, ನೇರವಾಗಿ ಕಥೆಗೆ ಬನ್ನಿ." ಅಜ್ಜ ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ತಂತಿ ಸರಿಮಾಡಿಕೊಂಡು ಕಥೆ ಶುರು ಮಾಡಿದರು. ದೊಡ್ಡವರು, ಮೇಷ್ಟ್ರು ಹೇಳಿದ್ದಕ್ಕೆ ಇಲ್ಲ ಅನ್ನಲಿಲ್ಲ.

ನಾನು ಕತ್ತರಿಸಿ ಬಿಸಾಕಿದ ಆ ಹತ್ತು ನಿಮಿಷದಲ್ಲೇ ಇತಿಹಾಸ ಇತ್ತು! ಅರ್ಜುನನ ಕಥೆ ಎಲ್ಲಿ ಬೇಕಾದರೂ ಸಿಗುತ್ತದೆ. ಕೆಳದಿ ಅರಸರ ಪಟ್ಟಿ ಪುಸ್ತಕದಲ್ಲಿದೆ. ಆದರೆ ಅರವತ್ತು ವರ್ಷ ಈ ಕಾಡಲ್ಲಿ ಕಾಲಲ್ಲೇ ತಿರುಗಿದ ಮನುಷ್ಯನ ದಾರಿ, ಆ ದಾರಿಯ ಊರುಗಳು, ಅಲ್ಲಿಯ ಮನೆಗಳು, ಅವರು ಅಳೆದು ಕೊಟ್ಟ ಭತ್ತ, ಇದು ಯಾವ ಪುಸ್ತಕದಲ್ಲಿದೆ? ನಾನು ಹಾಡನ್ನು ಖಾಲಿ ಡಬ್ಬಿ ಅಂದುಕೊಂಡೆ. ಒಳಗಿದ್ದದ್ದನ್ನು ಚೆಲ್ಲಿ, ನನ್ನ ನೋಟ್ಸನ್ನು ತುಂಬಿದೆ.

ಇದು ಗೊತ್ತಾಗಿದ್ದು ಎರಡು ವರ್ಷದ ಮೇಲೆ, ಅದೂ ನನ್ನ ಜಾಣತನದಿಂದಲ್ಲ. ಒಂದು ಶನಿವಾರ ಅಜ್ಜ ಶಾಲೆಯ ದಾರಿಯಲ್ಲೇ ಹೋಗುತ್ತಿದ್ದರು. ಮಕ್ಕಳು ಎಳೆದುಕೊಂಡು ಬಂದರು. ಈ ಸಲ ನಾನು ಬಾಯಿ ಹಾಕಲಿಲ್ಲ. ಅಜ್ಜ ಪೂರ್ತಿ ಹಾಡಿದರು. ಮೊಮ್ಮಗಳಿಗೆ ಊಟದ ಡಬ್ಬಿ ಕೊಡೋಕೆ ಬಂದ ಒಬ್ಬ ಅಜ್ಜಿ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದರು. ಯಾವುದೋ ಒಂದು ಊರಿನ ಹೆಸರು ಬಂದಿದ್ದೇ ತಡ, ಹಾಡಿನ ನಡುವೆಯೇ ಕೂಗಿದರು. "ಆ ಊರಿಗೆ ಬರ್ತಿದ್ರಾ ನೀವು? ಯಾರ ಮನೆಗೆ?"

ಅಜ್ಜ ಕಿನ್ನರಿ ತೊಡೆ ಮೇಲೆ ಇಟ್ಟರು. ಆಮೇಲೆ ಅರ್ಧ ಗಂಟೆ ಇಬ್ಬರೇ ಮಾತಾಡಿದ್ದು. ನಲವತ್ತು ಮಕ್ಕಳು ಈ ಕಡೆ ಆ ಕಡೆ ಕತ್ತು ತಿರುಗಿಸುತ್ತಾ ಕೂತಿದ್ದರು, ಒಬ್ಬರೂ ಕೆಮ್ಮಲಿಲ್ಲ. ಅಜ್ಜಿಯದು ಮುಳುಗಡೆ ಮನೆತನ. ಮದುವೆಯಾಗಿ ಹೋದ ಊರು ಈಗ ಶರಾವತಿ ಹಿನ್ನೀರಿನ ಕೆಳಗಿದೆ. ನಾನು ಬೋರ್ಡಿನ ಮೇಲೆ ಊರುಗಳ ಹೆಸರು ಬರೆಯುತ್ತಾ ಹೋದೆ. ಅಜ್ಜನ ದಾರಿ ಒಂದು ಕಡೆ ತುಂಡಾಗುತ್ತಿತ್ತು. "ಅಲ್ಲಿಂದ ಮುಂದೆ ನೀರು" ಅನ್ನುತ್ತಿದ್ದರು. ಹಾಡಲ್ಲಿ ಮಾತ್ರ ಆ ಊರುಗಳು ಹಾಗೇ ಸಾಲಾಗಿ ಇದ್ದವು.

ಆಗ ನಾನು ಇಸವಿ ಹೇಳಿದೆ. 1948ರಲ್ಲಿ ಜೋಗದ ಕರೆಂಟಿಗಾಗಿ ಹಿರೇಭಾಸ್ಕರ ಅಣೆಕಟ್ಟು. 1964ರಲ್ಲಿ ಲಿಂಗನಮಕ್ಕಿ. ಲಿಂಗನಮಕ್ಕಿ ತುಂಬಿದಾಗ ಹಿರೇಭಾಸ್ಕರವೇ ಮುಳುಗಿಹೋಯಿತು. ಬಿರುಬೇಸಿಗೆಯಲ್ಲಿ ನೀರು ಇಳಿದಾಗ ಈಗಲೂ ಕಾಣುತ್ತದೆ. ಅಣೆಕಟ್ಟನ್ನೇ ಅಣೆಕಟ್ಟು ನುಂಗಿತು ಅಂದಾಗ ಮಕ್ಕಳ ಕಣ್ಣು ನೋಡಬೇಕಿತ್ತು. ಹೊಳೆಬಾಗಿಲಲ್ಲಿ ಲಾಂಚ್ ಹತ್ತಿ ಹಿನ್ನೀರು ದಾಟಿ ಸಿಗಂದೂರು ದೇವಸ್ಥಾನಕ್ಕೆ ಎಲ್ಲರೂ ಹೋದವರೇ. ತಾವು ದಾಟಿದ್ದು ಊರುಗಳ ತಲೆಯ ಮೇಲೆ ಅಂತ ಅವತ್ತೇ ಗೊತ್ತಾಗಿದ್ದು. (2025ರಲ್ಲಿ ಸೇತುವೆ ಆಯಿತು. ಈಗಿನ ಮಕ್ಕಳು ಲಾಂಚನ್ನೂ ಹಾಡಿನಲ್ಲೇ ಕೇಳಬೇಕೇನೋ.) ಆ ಎರಡು ಇಸವಿಗಳನ್ನು ಯಾವ ಮಗುವೂ ಗುನುಗದೇ ಬರೆಯಿತು.

ಹಾಗಾಗಿ ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ ಅಂತ ನನಗೆ ಅನಿಸುತ್ತದೆ. ಹಾಡಿನ ಮೂಲಕ ಇತಿಹಾಸ ಹೇಗೆ ಕಲಿಸಲಿ ಅಂತ ಕೇಳಬೇಡಿ. ಈ ಹಾಡು ಯಾರದು, ಯಾರ ಬಾಗಿಲಲ್ಲಿ ಹಾಡುತ್ತಿದ್ದರು, ಬದಲಿಗೆ ಏನು ಸಿಗುತ್ತಿತ್ತು, ಈಗ ಯಾಕೆ ನಿಂತಿದೆ ಅಂತ ಮಕ್ಕಳಿಂದಲೇ ಕೇಳಿಸಿ. ದೀಪಾವಳಿಯ ಅಂಟಿಗೆ ಪಂಟಿಗೆಯವರು ನಿಮ್ಮ ಕಡೆ ಬಂದರೆ ಅವರಿಗೂ ಇದೇ. ಮನೆ ಮನೆಗೆ ದೀಪ ಒಯ್ಯುತ್ತಾರೆ, ಮನೆಯವರು ಎಣ್ಣೆ ಹಾಕುತ್ತಾರೆ. ಯಾವ ಮನೆಗೆ ಮೊದಲು ಹೋಗ್ತೀರಿ, ಯಾಕೆ ಅಂತ ಒಂದು ಮಗು ಕೇಳಿದರೆ ಸಾಕು. ನೀವು ಶಿಕಾರಿಪುರದವರು ಅಂದಮೇಲೆ ಈಸೂರು ಹತ್ತಿರವೇ ಅಲ್ವಾ? 1942ರಲ್ಲಿ ತಾನು ಸ್ವತಂತ್ರ ಅಂತ ಸಾರಿಕೊಂಡ ಊರು, ಮರುವರ್ಷ ಐದು ಜನರನ್ನು ಗಲ್ಲಿಗೇರಿಸಿದರು. ದಯವಿಟ್ಟು ಅದಕ್ಕೊಂದು ಹಾಡು ಬರೆಯಬೇಡಿ. 'ಏಸೂರು ಕೊಟ್ಟರೂ ಈಸೂರು ಕೊಡೆವು' ಅಂತ ಜನರೇ ಕಟ್ಟಿಬಿಟ್ಟಿದ್ದಾರೆ, ಅದಕ್ಕಿಂತ ಚೆನ್ನಾಗಿ ನಾವು ಬರೆಯೋಕೆ ಆಗಲ್ಲ. ಊರಿಗೇ ಕರೆದುಕೊಂಡು ಹೋಗಿ.

ಡೊಳ್ಳಿನ ವಿಷಯ. ಖಂಡಿತ ಕಲಿಸಿ, ಆದರೆ ಕೆಳದಿ ಚೆನ್ನಮ್ಮನ ವೇಷ ಹಾಕಿಸಿ ನಡುವೆ ನಿಲ್ಲಿಸಬೇಡಿ. ಡೊಳ್ಳು ಹಾಲುಮತದವರದು, ಅಂದರೆ ಕುರುಬರದು, ಅವರ ದೇವರು ಬೀರಪ್ಪನ ಗುಡಿಯದು. ಶಿವನನ್ನೇ ನುಂಗಿದ ಡೊಳ್ಳಾಸುರನ ಚರ್ಮದಿಂದ ಡೊಳ್ಳು ಆಯಿತು ಅನ್ನುವ ಅವರ ಕಥೆಯನ್ನು ಅವರೇ ಹೇಳಲಿ. ಮಕ್ಕಳಿಗೆ ಅದು ಅರಸರ ಕಥೆಗಿಂತ ಜಾಸ್ತಿ ಹಿಡಿಸುತ್ತದೆ. ಇನ್ನೊಂದು, ಡೊಳ್ಳು ಬಾರಿಸುವಾಗ ಪದ ಒಂದಕ್ಷರ ಕೇಳಿಸಲ್ಲ. ನನ್ನ ಪ್ರಾಸವೆಲ್ಲ ಹಾಗೇ ಹಾಳಾಗಿದ್ದು. ಏಳನೇ ಕ್ಲಾಸಿನವರಿಗೆ ಚಿಕ್ಕ ಡೊಳ್ಳು ಕೊಡಿ, ದೊಡ್ಡದು ಹೆಗಲು ಕೀಳುತ್ತದೆ. ಜೂನ್‌ನಲ್ಲಿ ಶುರು ಮಾಡಬೇಡಿ. ನಮ್ಮ ಮಳೆಗೆ ಚರ್ಮ ಮೆತ್ತಗಾಗಿ, ಎಷ್ಟು ಹಗ್ಗ ಎಳೆದರೂ ಒದ್ದೆ ಗೋಣಿ ಬಡಿದ ಸದ್ದೇ. ದಸರಾ ಕಳೆಯಲಿ.

ಪಿಟೀಲು? ಬರಲಿ. ಸ್ವರ ಬರೆಯೋಕಲ್ಲ, ಕೇಳೋಕೆ.

ದುಡ್ಡಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆ ಶನಿವಾರ ಅಜ್ಜನಿಗೆ ಕವರಿನಲ್ಲಿ ಐನೂರು ರೂಪಾಯಿ ಇಟ್ಟು ಕೊಟ್ಟೆ. ತಗೊಂಡರು. ಆಮೇಲೆ "ಮಕ್ಕಳು ಒಂದು ಕೊಳಗ ಭತ್ತ ಕೊಟ್ರೆ ಚೆನ್ನಾಗಿತ್ತು" ಅಂದರು. ಮುಂದಿನ ಶನಿವಾರ ಬನ್ನಿ ಅಂದೆ. ಮಕ್ಕಳು ಭತ್ತ ತಂದರು. ಅಳೆಯೋಕೆ ಕೊಳಗ ಬೇಕಲ್ಲ, ಇಬ್ಬರು ಹುಡುಗರು ತಮ್ಮ ತಮ್ಮ ಮನೆಯ ಅಟ್ಟದಿಂದ ಹಳೇ ಕೊಳಗ ಇಳಿಸಿ ತಂದಿದ್ದರು. ಒಂದರ ತುಂಬ ಭತ್ತ ತುಂಬಿ ಇನ್ನೊಂದಕ್ಕೆ ಸುರಿದರೆ, ಅದು ತುಂಬಲೇ ಇಲ್ಲ. ನಾಲ್ಕು ಬೆರಳು ಖಾಲಿ. ದೊಡ್ಡ ಕೊಳಗ ಒಡೆಯರ ಮನೆಯದು, ಚಿಕ್ಕದು ಗೇಣಿದಾರರ ಮನೆಯದು. ನಾನು ಹಿಂದಿನ ರಾತ್ರಿ ಯಾವ ತಯಾರಿಯನ್ನೂ ಮಾಡಿರಲಿಲ್ಲ. 1951ರ ಕಾಗೋಡು ಸತ್ಯಾಗ್ರಹ ತಾನಾಗೇ ಬಂದು ಬೆಂಚಿನ ಮೇಲೆ ಕೂತಿತು. ಗೇಣಿ ಅಳೆಯುವ ಕೊಳಗದ ಜಗಳ, ಗೇಣಿದಾರರ ಮುಂದಾಳು ಗಣಪತಿಯಪ್ಪನವರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನವಾಗಿದ್ದು, ಎಲ್ಲ ಹೇಳಿದೆ. ಹಿಂದೆ "ಹಾಡಲ್ಲಿ ಇಲ್ಲ" ಅಂದಿದ್ದನಲ್ಲ, ಅವನ ತಮ್ಮ ಆ ಕ್ಲಾಸಿನಲ್ಲಿದ್ದ. ಶಿವಪ್ಪನಾಯಕ ಜಮೀನಿನ ಗುಣ ನೋಡಿ ಕಂದಾಯ ಕಟ್ಟಿದ, ಅದಕ್ಕೆ ಶಿಸ್ತು ಅಂತ ಹೆಸರು ಅಂದೆ. ಅವನು ಕೈ ಎತ್ತಿದ. "ಅವನು ಯಾವ ಕೊಳಗದಲ್ಲಿ ಅಳೆಸ್ತಿದ್ದ ಸಾರ್?"

ನನಗೆ ಉತ್ತರ ಗೊತ್ತಿರಲಿಲ್ಲ. ಅಷ್ಟರಲ್ಲಿ, ಅಜ್ಜನಿಗೆ ಯಾವ ಕೊಳಗದಲ್ಲಿ ಹಾಕೋದು ಅಂತ ಮಕ್ಕಳಲ್ಲೇ ಜಗಳ ಶುರುವಾಗಿತ್ತು. ಅಜ್ಜ ಜೋಳಿಗೆಯ ಬಾಯಿ ಅಗಲಿಸಿ ಹಿಡಿದುಕೊಂಡು ಹೇಳಿದರು, "ದೊಡ್ಡದ್ರಲ್ಲೇ ಹಾಕ್ರಪ್ಪ. ನಾನೇನು ಗೇಣಿ ಕೊಡೋನಾ? ಇಸ್ಕಳೋನು."