ರೊಟ್ಟಿ ಮೇಲೆ ಪೇಡೆ, ಪೇಡೆ ಮೇಲೆ ರಂಜಕ: ಕದ್ದು ತಿನ್ನಬೇಕೇ?

ಪತ್ರ

ನನಗೆ 31 ವರ್ಷ. ತವರು ಬ್ಯಾಡಗಿ ಹತ್ತಿರದ ಹಳ್ಳಿ, ಕೊಟ್ಟಿದ್ದು ಧಾರವಾಡಕ್ಕೆ. ಅತ್ತೆ, ಮಾವ, ಮೈದುನ ಎಲ್ಲರೂ ಕೂಡಿ ಇರುವ ಮನೆ. ಬಿಸಿ ಜೋಳದ ರೊಟ್ಟಿಗೆ ಬೆಣ್ಣೆ ಸವರಿ, ಮೇಲೆ ಧಾರವಾಡ ಪೇಡೆ ಪುಡಿ ಮಾಡಿ ಉದುರಿಸಿ, ಅದಕ್ಕೆ ಕೆಂಪು ರಂಜಕ (ಹಣ್ಣು ಮೆಣಸಿನಕಾಯಿ ಚಟ್ನಿ) ಹಚ್ಚಿಕೊಂಡು ತಿನ್ನುವುದೆಂದರೆ ನನಗೆ ಪ್ರಾಣ. ಚಿಕ್ಕವಳಿದ್ದಾಗ ಅಪ್ಪ ಕೋರ್ಟ್ ಕೆಲಸಕ್ಕೆಂದು ಧಾರವಾಡಕ್ಕೆ ಬಂದಾಗ ಪೇಡೆ ತರುತ್ತಿದ್ದರು. ಮಕ್ಕಳಿಗೆ ತಲಾ ಒಂದು. ಬೇಗ ತೀರಬಾರದು ಅಂತ ರೊಟ್ಟಿ ಮೇಲೆ ಹರಡಿಕೊಂಡು ತಿನ್ನುತ್ತಿದ್ದೆವು. ಅದೇ ರೂಢಿಯಾಯಿತು.

ಮದುವೆಯಾದ ಹೊಸತರಲ್ಲಿ ಅತ್ತೆ ನೋಡಿ, "ಹಾಲಿನ ಪದಾರ್ಥಕ್ಕ ಉಪ್ಪು ಖಾರ ಕೂಡಸಬಾರದವಾ, ಮೈಮ್ಯಾಲೆ ಬಿಳಿ ಕಲೆ ಏಳ್ತಾವ" ಎಂದರು. ಆಮೇಲೆ ನಾದಿನಿಯ ಕುಬಸದ (ಸೀಮಂತದ) ದಿನ ನಮ್ಮನೆಯವರು ಇದನ್ನು ಎಲ್ಲರ ಮುಂದೆ ತಮಾಷೆ ಮಾಡಿ ಹೇಳಿದರು. ಊಟಕ್ಕೆ ಕೂತ ಪಂಕ್ತಿಯೇ ನಕ್ಕಿತು. ಅವತ್ತಿನಿಂದ ಮೈದುನ ನನಗೆ "ರಂಜಕ ಪೇಡೆ" ಅಂತಲೇ ಹೆಸರಿಟ್ಟಿದ್ದಾನೆ. ಈಗ ಎಲ್ಲರೂ ಮಲಗಿದ ಮೇಲೆ, ಅಡುಗೆಮನೆಯ ದೀಪ ಹಾಕದೆ ತಿನ್ನುತ್ತೇನೆ. ಹೋದ ವಾರ ಆರು ವರ್ಷದ ಮಗಳು ನೀರು ಕುಡಿಯಲು ಎದ್ದು ಬಂದು ನೋಡಿಬಿಟ್ಟಳು. "ಯಾರಿಗೂ ಹೇಳಬ್ಯಾಡ" ಎಂದೆ. "ಅವ್ವಾ, ಇದು ತುಡುಗು ಮಾಡಿದಂಗ ಆತೇನು?" ಅಂದಳು. ಅವತ್ತಿನಿಂದ ತುತ್ತು ಇಳಿಯುತ್ತಿಲ್ಲ. ನನಗೆ ಆಗಾಗ ಹಸಿ ಅಕ್ಕಿ ತಿನ್ನುವ ಚಪಲವೂ ಇದೆ. ಬಹುಶಃ ನನ್ನ ನಾಲಿಗೆಯೇ ಸರಿ ಇಲ್ಲ. ಇದನ್ನೆಲ್ಲ ಬಿಟ್ಟುಬಿಡಲೇ?

*ಹೆಸರು ಬೇಡ, ಧಾರವಾಡ*

ಉತ್ತರ

ತಂಗೀ, ಮೊದಲು ನಿಮ್ಮ ಮಗಳ ಪ್ರಶ್ನೆಗೆ ಉತ್ತರ ಕೊಡೋಣ. ಅಲ್ಲ, ಅದು ತುಡುಗಲ್ಲ, ಕಳ್ಳತನವಲ್ಲ. ನಿಮ್ಮ ಮನೆಯ ರೊಟ್ಟಿ, ನಿಮ್ಮ ಮನೆಯ ರಂಜಕ, ನಿಮ್ಮ ಹಸಿವು. ಆದರೆ ಆ ಮಗುವಿಗೆ ಹಾಗನ್ನಿಸಿದ್ದರಲ್ಲಿ ತಪ್ಪೇನೂ ಇಲ್ಲ. ದೀಪ ಇಲ್ಲದ ಅಡುಗೆಮನೆ, ಅವಸರದಲ್ಲಿ ತಿನ್ನುವ ತಾಯಿ, "ಯಾರಿಗೂ ಹೇಳಬ್ಯಾಡ" ಅನ್ನುವ ಮಾತು. ಆರು ವರ್ಷದ ಮಗು ಇದನ್ನು ಇನ್ನೇನೆಂದು ತಿಳಿಯಬೇಕು? ಹಾಗಾಗಿ ಪೇಡೆ ರಂಜಕ ಬಿಡುವ ಮಾತು ಆಮೇಲೆ. ಬಿಡಬೇಕಾದ್ದು ಈ ಬಚ್ಚಿಡುವುದನ್ನು.

ನಿಮ್ಮ ನಾಲಿಗೆ ಸರಿಯಾಗಿಯೇ ಇದೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮನ್ನು ನೀವೇ ಸುಮ್ನೆ ಹಳಿದುಕೊಳ್ಳುತ್ತಿದ್ದೀರಿ.

ನಮ್ಮ ಪೇಡೆ ಬೇರೆ ಊರಿನ ಬಿಳಿ ಪೇಡೆಯಂತಲ್ಲ. ಖೋವಾ ಕಂದು ಬಣ್ಣಕ್ಕೆ ತಿರುಗುವ ತನಕ ಹುರಿದು, ಕೊನೆಗೆ ಪುಡಿ ಸಕ್ಕರೆಯಲ್ಲಿ ಹೊರಳಿಸಿದ್ದು. ಸಿಹಿಯ ಹಿಂದೆ ಹುರಿದ ಹಾಲಿನ ಸಣ್ಣ ಕಹಿ ಇರುತ್ತದೆ. ರಂಜಕ ಅಂದರೆ ಹಣ್ಣು ಮೆಣಸಿನಕಾಯಿಗೆ ಉಪ್ಪು, ಬೆಳ್ಳುಳ್ಳಿ, ಹುಳಿ ಸೇರಿಸಿ ರುಬ್ಬಿದ್ದು. ಉಪ್ಪು ಬಿದ್ದಾಗ ಕಹಿ ಅಡಗುತ್ತದೆ, ಸಿಹಿ ಮುಂದೆ ಬರುತ್ತದೆ. ಮೆಣಸಿನಕಾಯಿ ಉರಿಗೆ ಕಾರಣ ಕ್ಯಾಪ್ಸೈಸಿನ್ ಅನ್ನುವ ವಸ್ತು. ಅದು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೋಟೀನ್ ಅದನ್ನು ಹಿಡಿದುಕೊಂಡು ನಾಲಿಗೆಯಿಂದ ಬಿಡಿಸುತ್ತದೆ. ಖಾರ ಹತ್ತಿದಾಗ ನೀರಿಗಿಂತ ಹಾಲು, ಮಜ್ಜಿಗೆ ಹಿತ ಅನ್ನಿಸುವುದು ಅದಕ್ಕೇ. ನಿಮ್ಮ ರೊಟ್ಟಿಯ ಮೇಲೆ ಬೆಣ್ಣೆಯೂ ಇದೆ, ಖೋವಾವೂ ಇದೆ. ಖಾರ ಏರುತ್ತಿದ್ದಂತೆ ಪೇಡೆ ಅದನ್ನು ಇಳಿಸುತ್ತದೆ, ಸಿಹಿ ಸಾಕೆನ್ನಿಸುವಷ್ಟರಲ್ಲಿ ರಂಜಕ ಮತ್ತೆ ಬಾಯಿ ಎಬ್ಬಿಸುತ್ತದೆ. ಕೆಳಗೆ ಜೋಳದ ಸಪ್ಪೆ ರುಚಿ ಎರಡನ್ನೂ ಹೊರುತ್ತದೆ. ಒಂದೇ ಪೇಡೆಯನ್ನು ಪೂರ್ತಿ ರೊಟ್ಟಿಗೆ ಸಾಲುವಂತೆ ಮಾಡಿಕೊಂಡ ಮಕ್ಕಳು ಕಂಡುಕೊಂಡ ಜೋಡಿ ಇದು. ನನಗಂತೂ ಅದು ಹೆಮ್ಮೆ ಪಡುವ ವಿಷಯ.

ಇನ್ನು, ನಕ್ಕವರು "ಎಲ್ಲಾದರೂ ಉಂಟೇ ಇಂಥ ಜೋಡಿ" ಅನ್ನಬಹುದು. ಇದೆ, ಎಲ್ಲ ಮನೆಯಲ್ಲೂ ಇದೆ. ಚಹಾದಲ್ಲಿ ಚಪಾತಿ ಅದ್ದಿ ತಿನ್ನುವವರು, ಚಹಾಕ್ಕೇ ಚುರಮುರಿ ಸುರಿದುಕೊಳ್ಳುವವರು, ಉಪ್ಪಿಟ್ಟಿಗೆ ಸಕ್ಕರೆ ಉದುರಿಸಿಕೊಳ್ಳುವವರು, ಮೊಸರನ್ನಕ್ಕೆ ಜಿಲೇಬಿ ನೆಂಚಿಕೊಳ್ಳುವವರು, ಸವಣೂರ ಖಾರಾದ ಜೊತೆ ಬಾಳೆಹಣ್ಣು ತಿನ್ನುವವರು. ಕೇಳಿದರೆ ಮೊದಲು ಇಲ್ಲ ಅನ್ನುತ್ತಾರೆ, ಸಲಿಗೆ ಬೆಳೆದ ಮೇಲೆ ಒಪ್ಪಿಕೊಳ್ಳುತ್ತಾರೆ. ಬೆಂಗಳೂರಿನ ಹೋಟೆಲಿನಲ್ಲಿ ಕೇಸರಿಬಾತ್ ಮತ್ತು ಖಾರಾಬಾತ್ ಒಂದೇ ತಟ್ಟೆಗೆ ಹಾಕಿ ಚೌಚೌ ಬಾತ್ ಅಂತ ಕೊಟ್ಟರೆ ಯಾರೂ ನಗುವುದಿಲ್ಲ. ನಾವು ಹೋಳಿಗೆ ಮಾಡಿದ ದಿನ ಅದೇ ಬೇಳೆ ಬಸಿದ ನೀರಿನಲ್ಲಿ ಖಾರವಾಗಿ ಕಟ್ಟಿನ ಸಾರು ಮಾಡಿ ಎರಡನ್ನೂ ಒಂದೇ ಎಲೆಯಲ್ಲಿ ಉಣ್ಣುತ್ತೇವೆ. ಅದು ಹಬ್ಬದ ಊಟ, ಗೌರವದ ಊಟ.

ನಿಮ್ಮ ತಟ್ಟೆಯನ್ನೇ ನೋಡಿ. ಜೋಳ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದದ್ದು. ಮೆಣಸಿನಕಾಯಿ ಅಮೆರಿಕ ಖಂಡದ್ದು. ಪೋರ್ಚುಗೀಸರು ಬರುವ ಮೊದಲು, ಅಂದರೆ ಸುಮಾರು 500 ವರ್ಷಗಳ ಹಿಂದೆ, ಬ್ಯಾಡಗಿ ಸೀಮೆಯಲ್ಲೂ ಅದನ್ನು ಕಂಡವರಿರಲಿಲ್ಲ. ಪೇಡೆ ಮಾಡುವ ವಿದ್ಯೆ ಉತ್ತರ ಪ್ರದೇಶದ ಉನ್ನಾವ್‌ನಿಂದ ವಲಸೆ ಬಂದ ಠಾಕೂರ್ ಮನೆತನದ ಜೊತೆ 19ನೇ ಶತಮಾನದಲ್ಲಿ ಧಾರವಾಡಕ್ಕೆ ಬಂತು. ಇವತ್ತು ಈ ಮೂರನ್ನೂ ನಾವು "ನಮ್ಮ ಕಡೆಯದು" ಅನ್ನುತ್ತೇವೆ. ರೊಟ್ಟಿಗೆ ಮೊದಲ ಸಲ ಮೆಣಸಿನಕಾಯಿ ಹಚ್ಚಿಕೊಂಡವರನ್ನೂ ಯಾರೋ ವಿಚಿತ್ರವಾಗಿ ನೋಡಿರಬೇಕು.

ಅತ್ತೆಯವರ ಮಾತಿಗೆ ಬರೋಣ. ಅವರ ಮಾತನ್ನು ಬೈಗುಳ ಅಂತ ತಗೋಬೇಡಿ, ಅದರಲ್ಲಿ ಇರುವುದು ಹೆದರಿಕೆ. ಬಿಳಿ ಕಲೆ ಇರುವವರನ್ನು ನಮ್ಮ ಸಮಾಜ ಎಷ್ಟು ನೋಯಿಸಿದೆ ಅಂತ ಅವರು ಕಣ್ಣಾರೆ ಕಂಡಿರುತ್ತಾರೆ. ಸೊಸೆಗೆ, ನಾಳೆ ಮೊಮ್ಮಗಳಿಗೆ ಹಾಗಾಗದಿರಲಿ ಅಂತ ಅವರ ಆಸೆ. ಆದರೆ ತೊನ್ನು ಬರುವುದು ಊಟದ ಜೋಡಿಯಿಂದ ಅಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ದೇಹದ ರೋಗನಿರೋಧಕ ಶಕ್ತಿಯೇ ಹಾಳು ಮಾಡುವುದರಿಂದ ಆ ಕಲೆಗಳು ಆಗುತ್ತವೆ. ಮುಟ್ಟಿದರೆ ಅಂಟುವುದೂ ಇಲ್ಲ. ಹಾಲು ಉಪ್ಪು ಕೂಡಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಾಗಂತ ಅವರ ಮುಂದೆ ಪಾಠ ಒಪ್ಪಿಸಬೇಡಿ. ಅವರದೇ ಅಡುಗೆಮನೆಯಿಂದ ಮಾತು ತೆಗೆಯಿರಿ. "ಅತ್ತಿ, ಹಬ್ಬದಾಗ ಹೋಳಿಗಿಗೆ ಹಾಲು ಹಾಕ್ಕೊಂಡು, ಅದ ಎಲಿಯಾಗ ಉಪ್ಪಿನಕಾಯಿನೂ ಉಣ್ತೀವಲ್ರೀ, ಯಾರಿಗೇನಾಗೇತ್ರಿ?" ಅಂತ ಮೆಲ್ಲಗೆ ಕೇಳಿ. ಅವರು ಶಾಸ್ತ್ರ ಅಂದರೆ, ಅದಕ್ಕೂ ಉತ್ತರ ಇದೆ. ಚರಕ ಸಂಹಿತೆಯಲ್ಲಿ ವಿರುದ್ಧ ಆಹಾರದ ದೊಡ್ಡ ಪಟ್ಟಿಯೇ ಇದೆ ನಿಜ. ಹಾಲು ಮೀನು ಕೂಡಬಾರದು ಅನ್ನುವುದು ಅಲ್ಲಿಯದೇ. ಆದರೆ ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತೂ ಇದೆ. ರೂಢಿಯಾದವರಿಗೆ, ಸ್ವಲ್ಪವೇ ತಿನ್ನುವವರಿಗೆ, ಜೀರ್ಣಶಕ್ತಿ ಚೆನ್ನಾಗಿರುವವರಿಗೆ, ಹರೆಯದವರಿಗೆ, ಮೈ ದಂಡಿಸುವವರಿಗೆ ವಿರುದ್ಧ ಆಹಾರ ಬಾಧಿಸದು ಅಂತ. ಚಿಕ್ಕಂದಿನಿಂದ ರೂಢಿ, ಒಂದೇ ಪೇಡೆ, ಮನೆ ತುಂಬ ಕೆಲಸ. ಆ ಸಾಲು ನಿಮ್ಮನ್ನು ನೋಡಿ ಬರೆದಂತಿದೆ! ಅತ್ತೆಯವರು ಒಂದೇ ದಿನಕ್ಕೆ ಒಪ್ಪಲಿಕ್ಕಿಲ್ಲ. ಒಪ್ಪದಿದ್ದರೂ ಅಡ್ಡಿಯಿಲ್ಲ. ಅವರು ತಿನ್ನಬೇಕಾಗಿಲ್ಲವಲ್ಲ, ನಿಮ್ಮ ತಟ್ಟೆ ನಿಮಗೆ ಬಿಟ್ಟರೆ ಸಾಕು.

ನನಗೆ ನಿಜವಾಗಿ ಸಂಕಟ ಕೊಟ್ಟದ್ದು ಕುಬಸದ ಪಂಕ್ತಿ. ನಿಮ್ಮ ಯಜಮಾನರು ಕೆಟ್ಟ ಮನಸ್ಸಿನಿಂದ ಹೇಳಿದ್ದಾರೆ ಅಂತ ನಾನು ಭಾವಿಸುವುದಿಲ್ಲ. ಆದರೆ ಹೆಂಡತಿ ಮನೆಯೊಳಗೆ ಸಲಿಗೆಯಿಂದ ಬದುಕುವ ರೀತಿಯನ್ನು ಹತ್ತಾರು ಜನರ ಮುಂದೆ ನಗೆಯ ಸರಕು ಮಾಡಬಾರದು. ಅದು ಪೇಡೆಯಾದರೇನು, ಗೊರಕೆಯಾದರೇನು. ಅವತ್ತು ನೀವೂ ಎಲ್ಲರ ಜೊತೆ ನಕ್ಕಿರಬೇಕು, ಅಲ್ವಾ? ಸೊಸೆಯಂದಿರು ಬಹಳ ಸಲ ಹಾಗೇ ಮಾಡುತ್ತಾರೆ. ಹಾಗಾಗಿ ನಿಮಗೆ ನೋವಾಗಿದೆ ಅನ್ನುವುದೇ ಅವರಿಗೆ ಗೊತ್ತಿರಲಿಕ್ಕಿಲ್ಲ.

ಅದನ್ನು ಅವರಿಗೆ ಹೇಳಿ. ಬೇರೆ ಯಾರೂ ಇಲ್ಲದಾಗ, ಜಗಳದ ನಡುವೆ ಅಲ್ಲ. ಸಾಧನಕೇರಿ ಕೆರೆ ಕಡೆ ಸಂಜೆ ಒಂದು ಸುತ್ತು ಹೋದಾಗ ಹೇಳಿದರೂ ಆಯಿತು. "ರೀ, ಕುಬಸದಾಗ ನೀವು ಹೇಳಿದ್ದು ನನಗ ಭಾಳ ನೋವಾತು. ನಗಸಾಕ ಹೇಳಿದ್ರಿ ಅಂತ ಗೊತ್ತೈತಿ. ಆದ್ರ ಆಮ್ಯಾಲಿಂದ ನಾ ಮನ್ಯಾಗ ಉಣ್ಣಾಕ ಹೆದರಾಕತ್ತೀನಿ. ಕತ್ತಲದಾಗ ಕುಂತು ತಿನ್ನೂದು ನೋಡಿ ಮಗಳು ತುಡುಗೇನು ಅಂತ ಕೇಳಿದ್ಲು." ಇಷ್ಟೇ ಸಾಕು. ಮಗಳ ಮಾತನ್ನು ಇದ್ದ ಹಾಗೇ ಹೇಳಿ. ಯಾವ ತಂದೆಗೂ ಅದು ತಟ್ಟದೇ ಇರುವುದಿಲ್ಲ. ಮೈದುನನಿಗೆ ಆ ಅಡ್ಡಹೆಸರು ನಿಲ್ಲಿಸು ಅಂತ ಹೇಳುವ ಕೆಲಸವನ್ನೂ ಅವರಿಗೇ ವಹಿಸಿ. ಅಣ್ಣ ಒಂದು ಮಾತು ಹೇಳಿದರೆ ಮುಗಿಯಿತು. ನೀವು ಹೇಳಹೊರಟರೆ ಮತ್ತೆ ತಮಾಷೆಗೆ ದಾರಿಯಾಗುತ್ತದೆ.

ಆಮೇಲೆ ಒಂದು ದಿನ ಎಲ್ಲರ ಜೊತೆ ಊಟಕ್ಕೆ ಕೂತಾಗಲೇ ನಿಮ್ಮ ರೊಟ್ಟಿ ಮಾಡಿಕೊಳ್ಳಿ. ದೊಡ್ಡ ಘೋಷಣೆ ಬೇಡ, ಸಮಜಾಯಿಷಿ ಬೇಡ, "ನೀವೂ ರುಚಿ ನೋಡ್ರಿ" ಅನ್ನುವ ಒತ್ತಾಯವೂ ಬೇಡ. ಯಾರಾದರೂ ನಕ್ಕರೆ, "ನನಗ ಸೇರ್ತದ" ಅಂದು ಉಣ್ಣಿ. ನಾಲ್ಕು ದಿನ ನೋಡುತ್ತಾರೆ, ಆಮೇಲೆ ಅದು ಮನೆಯ ಸಂಗತಿಯಾಗುತ್ತದೆ. ಮಗಳು ಕೇಳಿದರೆ ಅವಳಿಗೂ ಒಂದು ಚೂರು ಕೊಡಿ, ರಂಜಕ ತೀರ ಕಡಿಮೆ ಇರಲಿ. ಅಂದು ಯಾರಿಗೂ ಹೇಳಬೇಡ ಎಂದಿದ್ದು ಯಾಕೆ ಅಂತ ಅವಳಿಗೆ ತಿಳಿಯುವ ಹಾಗೆ ಹೇಳಿ: ಎಲ್ಲರೂ ನಗುತ್ತಾರೆ ಅಂತ ಅವ್ವನಿಗೆ ಹೆದರಿಕೆ ಆಗಿತ್ತು, ಈಗ ಇಲ್ಲ.

ಈಗ ನಿಮ್ಮ ಪತ್ರದ ಕೊನೆಯಲ್ಲಿ ಬರುವ ಹಸಿ ಅಕ್ಕಿಯ ಮಾತು. ನೀವು ಅದನ್ನು ಸುಮ್ನೆ ಸೇರಿಸಿದ್ದೀರಿ, ನಾನು ಅಲ್ಲೇ ನಿಂತೆ. ಪೇಡೆಗೆ ರಂಜಕ ಹಚ್ಚುವುದು ರುಚಿಯ ವಿಷಯ. ಹಸಿ ಅಕ್ಕಿ ತಿನ್ನಬೇಕು ಅನ್ನಿಸುವುದು ಹಾಗಲ್ಲ. ಹಸಿ ಅಕ್ಕಿ, ಮಣ್ಣು, ಬಳಪ, ಬೂದಿ, ಐಸ್ ಗಡ್ಡೆ, ಇವುಗಳ ಆಸೆ ಬಿಡದೆ ಕಾಡಿದರೆ ಬಹಳ ಸಲ ಅದರ ಹಿಂದೆ ಕಬ್ಬಿಣಾಂಶದ ಕೊರತೆ ಇರುತ್ತದೆ. ವೈದ್ಯರು ಇದನ್ನು ಪೈಕಾ ಅನ್ನುತ್ತಾರೆ. ಇದರಲ್ಲಿ ನೀವು ಒಬ್ಬರೇ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಮನೆಯ ಹೆಂಗಸರನ್ನು ನೆನೆದರೆ ಈ ಲೆಕ್ಕ ನನಗೆ ಆಶ್ಚರ್ಯ ತರುವುದಿಲ್ಲ, ಸಿಟ್ಟು ತರುತ್ತದೆ.

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಜಿಲ್ಲಾ ಆಸ್ಪತ್ರೆಗೋ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಗರ್ಭಿಣಿಯಲ್ಲದ ಹೆಂಗಸರಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಅನ್ನುತ್ತಾರೆ. ಸಾಧ್ಯವಾದರೆ ಫೆರಿಟಿನ್ ಕೂಡ ನೋಡಿಸಿ, ದೇಹದಲ್ಲಿ ಕಬ್ಬಿಣಾಂಶದ ದಾಸ್ತಾನು ಎಷ್ಟಿದೆ ಅಂತ ಅದರಲ್ಲಿ ತಿಳಿಯುತ್ತದೆ. ಹಸಿ ಅಕ್ಕಿಯ ವಿಷಯವನ್ನು ಡಾಕ್ಟರ ಮುಂದೆ ನಾಚದೆ ಹೇಳಿ. ಮುಟ್ಟಿನ ದಿನಗಳಲ್ಲಿ ರಕ್ತ ಜಾಸ್ತಿ ಹೋಗುತ್ತದೆಯೇ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ, ಅದನ್ನೂ ಹೇಳಿ. ಮಾತ್ರೆ ಕೊಟ್ಟರೆ ಚಹಾದ ಜೊತೆ, ಹಾಲಿನ ಜೊತೆ ನುಂಗಬೇಡಿ, ಎರಡೂ ಕಬ್ಬಿಣಾಂಶ ಹೀರಿಕೊಳ್ಳುವುದನ್ನು ತಡೆಯುತ್ತವೆ. ನಿಂಬೆಹಣ್ಣಿನ ನೀರಿನ ಜೊತೆ ಒಳ್ಳೆಯದು. ಊಟವಾದ ಕೂಡಲೇ ಚಹಾ ಕುಡಿಯುವ ಅಭ್ಯಾಸ ಇದ್ದರೆ ಒಂದು ತಾಸು ಮುಂದೆ ಹಾಕಿ. ಮಾತ್ರೆಯಿಂದ ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಸ್ವಲ್ಪ ಸುಧಾರಿಸಿದ ಕೂಡಲೇ ನಿಲ್ಲಿಸಬೇಡಿ, ಡಾಕ್ಟರು ಹೇಳಿದಷ್ಟು ತಿಂಗಳು ಪೂರ್ತಿ ತಗೊಳ್ಳಿ. ಕೊರತೆ ನೀಗಿದರೆ ಅಕ್ಕಿಯ ಆಸೆ ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ. ಪೇಡೆ ರಂಜಕದ ಆಸೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ.

ಯಜಮಾನರ ಜೊತೆ ಮಾತಾಡಲು ಧೈರ್ಯ ಬರಲಿಕ್ಕೆ ನಾಲ್ಕು ದಿನ ಹಿಡಿದರೂ ಸರಿ. ರಕ್ತ ಪರೀಕ್ಷೆ ಮಾತ್ರ ಈ ವಾರವೇ ಆಗಲಿ. ವರದಿ ಬಂದ ಮೇಲೆ ಇನ್ನೊಂದು ಪತ್ರ ಬರೆಯಿರಿ, ಕಾಯುತ್ತಿರುತ್ತೇನೆ.