ತಾಲೂಕು ಮಟ್ಟದ ಸಾಕ್ಷರತೆಗೆ ಸ್ಪೇಷಿಯಲ್ ಲ್ಯಾಗ್ ಮಾಡೆಲ್ ಸರಿಯೋ, ಸ್ಪೇಷಿಯಲ್ ಎರರ್ ಮಾಡೆಲ್ ಸರಿಯೋ?

ಕರ್ನಾಟಕದ ತಾಲೂಕುಗಳು, 2011ರ ಸಾಕ್ಷರತೆ, ಮೊರಾನ್ ಐ (ಅಕ್ಕಪಕ್ಕದ ಜಾಗಗಳು ಎಷ್ಟು ಒಂದೇ ಥರ ಇವೆ ಅಂತ ಅಳೆಯುವ ಅಂಕಿ) ಸಿಗ್ನಿಫಿಕೆಂಟ್ ಬಂದಿದೆ, ಈಗ ಲ್ಯಾಗಾ (ನೆರೆಯ ಸಾಕ್ಷರತೆಯೇ ನಮ್ಮದನ್ನು ಎಳೆಯುತ್ತದೆ ಅನ್ನುವ ಮಾಡೆಲ್) ಎರರಾ (ಲೆಕ್ಕಕ್ಕೆ ಬಾರದ ಏನೋ ಜಾಗದ ಜೊತೆ ಹರಡಿದೆ ಅನ್ನುವ ಮಾಡೆಲ್) ಅಂತ ಕೇಳಿದ್ದೀರಿ. ನನ್ನ ಪಿಎಚ್‌ಡಿಯ ಮೂರನೇ ಅಧ್ಯಾಯವೂ ಇದೇ ಆಗಿತ್ತು. ಡೇಟಾ ಕೂಡ ಇದೇ.

ನಾನು ಹೊರಟಿದ್ದು ನಂಜುಂಡಪ್ಪ ವರದಿಯಿಂದ. ಕರ್ನಾಟಕದ ಪ್ರಾದೇಶಿಕ ಅಸಮತೋಲನದ ಬಗ್ಗೆ ಬಂದ 2002ರ ಆ ವರದಿ 35 ಸೂಚಕ ಇಟ್ಟುಕೊಂಡು 175 ತಾಲೂಕುಗಳನ್ನು ಅಳೆದು, 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ಆದರೆ ಒಂದೊಂದು ತಾಲೂಕಿಗೂ ಬೇರೆ ಬೇರೆಯಾಗಿ ಅಂಕ ಕೊಟ್ಟಿತ್ತು. ಅಕ್ಕಪಕ್ಕದ ಲೆಕ್ಕವನ್ನು ನಾನು ಸೇರಿಸುತ್ತೇನೆ ಅಂತ ಜಿಯೋಡಾ ಇಳಿಸಿಕೊಂಡೆ. ಮ್ಯಾಪಿನ ಮೇಲೆ ಅಂಕಿಅಂಶದ ಲೆಕ್ಕ ಮಾಡುವ, ಲೂಕ್ ಆನ್ಸೆಲಿನ್ ತಂಡದ ತಂತ್ರಾಂಶ, ಪುಕ್ಕಟೆ. ಆನ್ಸೆಲಿನ್ ಅವರೇ 1995ರಲ್ಲಿ ಬರೆದ ಲೀಸಾ ವಿಧಾನ (ಒಂದೊಂದು ಜಾಗವೂ ತನ್ನ ನೆರೆಯನ್ನು ಎಷ್ಟು ಹೋಲುತ್ತದೆ ಅಂತ ನೋಡುವುದು) ಹಾಕಿದೆ. ಯಾದಗಿರಿ, ರಾಯಚೂರು ಕಡೆ ದೊಡ್ಡದೊಂದು ನೀಲಿ ಗುಂಪು ಬಂತು. ತಾನೂ ಕಡಿಮೆ, ನೆರೆಯವೂ ಕಡಿಮೆ ಅನ್ನುವ ಗುಂಪು. ಹಳೇ ನಿಜಾಮರ ಗಡಿ ಕಣ್ಣಿಗೆ ಕಟ್ಟಿದ ಹಾಗಿತ್ತು! ಖುಷಿಯಲ್ಲಿ ಇತಿಹಾಸದ ಪುಟಗಳನ್ನು ಪುಂಖಾನುಪುಂಖವಾಗಿ ಬರೆದೆ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರು: "ಕೃಷ್ಣಾ ಹೊಳೆ ಆಚೆ ನಿಮ್ಮ ಮ್ಯಾಪ್ ಯಾಕೆ ಬಿಳಿ ಇದೆ?"

ನಾನು ರಾಜ್ಯದ ಗಡಿಗೆ ಮ್ಯಾಪ್ ಕತ್ತರಿಸಿದ್ದೆ. ಎಲ್ಲರೂ ಹಾಗೇ ಮಾಡುತ್ತಾರೆ, ನೀವೂ ಮಾಡಿರುತ್ತೀರಿ. ಇದರಿಂದ ಏನಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನನ್ನ ಫೆಲೋಶಿಪ್ ಮುಗಿದ ಮೇಲೂ ಇದನ್ನು ತಿದ್ದುತ್ತಾ ಕೂತಿದ್ದೆ. ಒಂದು ಗಡಿ ತಾಲೂಕಿಗೆ ನಿಜವಾಗಿ ಆರು ನೆರೆ ಇವೆ ಅಂದುಕೊಳ್ಳಿ. ಮೂರು ಈಚೆ, ಮೂರು ಆಚೆ. ತಂತ್ರಾಂಶಕ್ಕೆ ಆಚೆಯವು ಇರುವುದೇ ಗೊತ್ತಿಲ್ಲ. ಅದು ಈಚೆಯ ಮೂರನ್ನೇ ಪೂರ್ತಿ ನೆರೆ ಅಂತ ತಿಳಿದು, ಒಂದೊಂದಕ್ಕೆ ಮೂರನೇ ಒಂದು ಪಾಲು ತೂಕ ಕೊಡುತ್ತದೆ. ನಿಜಕ್ಕೆ ಸಿಗಬೇಕಾದದ್ದು ಆರನೇ ಒಂದು ಪಾಲು. ಎರರ್ ಮೆಸೇಜ್ ಬರಲ್ಲ, ಎಚ್ಚರಿಕೆ ಬರಲ್ಲ, ಬಣ್ಣ ಮಾತ್ರ ಚೆನ್ನಾಗಿ ಬರುತ್ತದೆ. ಕರ್ನಾಟಕ ಗೋವಾ ಸೇರಿ ಆರು ರಾಜ್ಯಗಳಿಗೆ ಅಂಟಿಕೊಂಡಿದೆ. ಹೀಗೆ ಅರ್ಧ ನೆರೆ ಕಳಕೊಂಡ ತಾಲೂಕುಗಳು ಒಂದೆರಡಲ್ಲ. ಅದರ ಮೇಲೆ ಬಂದ ಮೊರಾನ್ ಐ, ಅದರ ಮೇಲೆ ಬಂದ ಲೀಸಾ ಗುಂಪು, ಅದರ ಮೇಲೆ ಕಟ್ಟಿದ ಮಾಡೆಲ್, ಎಲ್ಲವೂ ಅದೇ ನೆರೆಪಟ್ಟಿಯನ್ನು ನಂಬಿಕೊಂಡಿರುತ್ತವೆ. ಗುಂಪು ಗಡಿಯಲ್ಲಿ ನಿಂತಿದ್ದು ನಿಜಾಮರಿಂದಲ್ಲ, ನನ್ನ ಕತ್ತರಿಯಿಂದ.

ಆಚೆಯ ಜಿಲ್ಲೆಗಳ ಅಂಕಿ ನೋಡಿದ ಮೇಲೆ ತಲೆ ತಿರುಗಿತು. 2011ರಲ್ಲಿ ಯಾದಗಿರಿ ಸುಮಾರು 52%, ರಾಯಚೂರು 60%ರ ಹತ್ತಿರ. ಕೃಷ್ಣಾ ದಾಟಿದರೆ ಮೆಹಬೂಬ್‌ನಗರ 55%, ತುಂಗಭದ್ರಾ ದಾಟಿದರೆ ಕರ್ನೂಲು 60%. ಕರ್ನೂಲು ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿ ಇದ್ದದ್ದು. ಇನ್ನು ಮಹಾರಾಷ್ಟ್ರದ ನಾಂದೇಡ್, ಲಾತೂರು ಎರಡೂ ನಿಜಾಮರವೇ, ಆದರೆ ಎರಡೂ 75% ದಾಟಿವೆ. ನಿಜಾಮರ ಆಡಳಿತಕ್ಕೆ ಪಾತ್ರವೇ ಇಲ್ಲ ಅಂತಲ್ಲ. ನಾನು ಬರೆದಷ್ಟು ಸಲೀಸಾದ ಕಥೆ ಅದಲ್ಲ, ಅಷ್ಟೇ. ಮಳೆ ಕಡಿಮೆ ಬೀಳುವ ನೆಲ, ಗುಳೆ, ಕರ್ನೂಲು ಮೆಹಬೂಬ್‌ನಗರ ಕಡೆ ಹತ್ತಿ ಬೀಜದ ಹೊಲಗಳಲ್ಲಿ ದುಡಿದ ಹೆಣ್ಣುಮಕ್ಕಳು, ಇವನ್ನೆಲ್ಲ ನಾನು ನೋಡಲೇ ಇಲ್ಲ.

ಆದ್ದರಿಂದ ಲ್ಯಾಗ್ ಎರರ್ ಜಗಳ ಸದ್ಯಕ್ಕೆ ಬಿಡಿ. ಎರಡರಲ್ಲಿ ಯಾವ ಮಾಡೆಲ್ ಡೇಟಾಕ್ಕೆ ಹೊಂದುತ್ತದೆ ಅಂತ ನೋಡುವ ಲಗ್ರಾಂಜ್ ಮಲ್ಟಿಪ್ಲೈಯರ್ ಟೆಸ್ಟ್ ಯಾವ ಕಡೆ ವಾಲಿತೋ ಅದನ್ನು ಹಿಡಿಯಿರಿ ಅಂತ ಹೇಳಿಕೊಡುತ್ತಾರೆ, ನನಗೆ ಅದು ಒಪ್ಪಿಗೆ ಇಲ್ಲ. ಲ್ಯಾಗ್ ಹಾಕಿದರೆ, ಪಕ್ಕದ ತಾಲೂಕಿನ ಸಾಕ್ಷರತೆ ಏರಿದ್ದರಿಂದಲೇ ನಮ್ಮದೂ ಏರಿತು ಅಂತ ನೀವು ಹೇಳಿದ ಹಾಗೆ. ಹೇಗೆ ಏರಿತು? ಮೇಷ್ಟರು ಬಂದರಾ, ಮಕ್ಕಳು ಅಲ್ಲಿಗೆ ಹೋದರಾ? ಆ ದಾರಿ ತೋರಿಸಲು ಆಗದಿದ್ದರೆ ಲ್ಯಾಗ್ ಬೇಡ. ಎರರ್ ಮಾಡೆಲ್ ಆದರೂ ಪ್ರಾಮಾಣಿಕ: ಏನೋ ಬಿಟ್ಟುಹೋಗಿದೆ, ಅದು ಜಾಗದ ಜೊತೆ ಹರಡಿಕೊಂಡಿದೆ ಅನ್ನುತ್ತದೆ. ನನ್ನ ಪ್ರಕಾರ ಅದಕ್ಕಿಂತ ಒಳ್ಳೆಯದು ಆ ಬಿಟ್ಟುಹೋದದ್ದನ್ನೇ ಹುಡುಕುವುದು. ಮೊರಾನ್ ಐ ಸಿಗ್ನಿಫಿಕೆಂಟ್ ಅನ್ನೋದನ್ನ ಮಾತ್ರ ದಯವಿಟ್ಟು ಫಲಿತಾಂಶ ಅಂತ ಬರೆಯಬೇಡಿ. ಅಕ್ಕಪಕ್ಕದ ಊರು ಒಂದೇ ಥರ ಇರುತ್ತವೆ ಅಂತ ಬಸ್ ಕಂಡಕ್ಟರಿಗೂ ಗೊತ್ತು.

ಮೊದಲು ಗಡಿಯಾಚೆಯ ನೆರೆಗಳನ್ನೂ ಸೇರಿಸಿ ಮ್ಯಾಪ್ ಹಿಗ್ಗಿಸಿ. ಹಿಗ್ಗಿಸುವಾಗ ಒಂದು ಕಿರಿಕಿರಿ ಇದೆ. ಆಂಧ್ರದಲ್ಲಿ 1985ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ತಾಲೂಕುಗಳ ಬದಲು ಸಣ್ಣ ಸಣ್ಣ ಮಂಡಲ ಮಾಡಿತು. ಈಗಿನ ತೆಲಂಗಾಣದಲ್ಲೂ ಮಂಡಲಗಳೇ. ಹಾಗೇ ಅಂಟಿಸಿದರೆ ರಾಯಚೂರು ತಾಲೂಕಿಗೆ ಆಚೆ ಕಡೆಯ ನೆರೆಗಳೇ ಜಾಸ್ತಿ ಆಗಿಬಿಡುತ್ತವೆ, ತೂಕ ಮತ್ತೆ ವಾಲುತ್ತದೆ. ನಾನು ಮಂಡಲಗಳನ್ನು ತಾಲೂಕಿನಷ್ಟು ದೊಡ್ಡ ಗುಂಪು ಮಾಡಿ, ಜನಸಂಖ್ಯೆಯ ತೂಕ ಹಾಕಿ ಸರಾಸರಿ ತೆಗೆದೆ. ಗಡಿಯಿಂದ ಒಂದು ಜಿಲ್ಲೆಯಷ್ಟು ಆಚೆ ಹೋದರೆ ಸಾಕು. ಆ ಜಾಗಗಳನ್ನು ನೆರೆಯಾಗಿ ಮಾತ್ರ ಇಟ್ಟುಕೊಳ್ಳಿ, ವರದಿ ಕರ್ನಾಟಕದ್ದೇ ಬರೆಯಿರಿ. 2011ರ ಜನಗಣತಿಯಲ್ಲಿ ಮಂಡಲವಾರು ಸಾಕ್ಷರತೆ ಸಿಗುತ್ತದೆ, ಬೀದರ್ ಕಡೆಯಿಂದ ಶುರು ಮಾಡಿ.